ಗುಡ್ಡ ಹೊತ್ತು ತಂದವರು

ಡೊಂಬಿವಿಲಿಯ ನಮ್ಮ ಮನೆಯಲ್ಲಿ ದೇವರ ಗೂಡಿನ ಮೇಲೆ ಸಂಜೀವಿನಿ ಹೊತ್ತ ಹನುಮಪ್ಪನ ಪಟವಿದೆ. ಗಿಡದ ಗುರುತು ಸಿಗದೆ ಗುಡ್ಡವನ್ನೇ ಕಿತ್ತು ತಂದ ಕಥೆ ನಿಮಗೆ ಗೊತ್ತೇ ಇದೆ. ಆ ಪಟದಲ್ಲಿ ಗುಡ್ಡವೇ ಔಷಧ. ಆದರೆ ಉತ್ತರಾಖಂಡದ ದ್ರೋಣಗಿರಿ ಹಳ್ಳಿಯವರು ಹನುಮಂತನನ್ನು ಪೂಜಿಸುವುದಿಲ್ಲವಂತೆ. ನಮ್ಮ ಗುಡ್ಡ ಒಯ್ದನೆಂಬ ಸಿಟ್ಟು. ಜಮೆ ಇದ್ದಲ್ಲಿ ಖರ್ಚೂ ಇರಲೇಬೇಕೆಂದು ಕಲಿತ ನನ್ನಂಥವನಿಗೆ ಈ ಸಿಟ್ಟು ಅರ್ಥವಾಗುತ್ತದೆ.

1998ರ ಫೆಬ್ರುವರಿಯಲ್ಲಿ ಅವ್ವನನ್ನು ಸವದತ್ತಿ ಕಡೆಯ ನಮ್ಮ ಹಳ್ಳಿಯಿಂದ ಚಿಕಿತ್ಸೆಗೆಂದು ಇಲ್ಲಿಗೆ ಕರೆತಂದೆ. ಊರ ಮನೆಯ ಕಟ್ಟೆಯ ಮೇಲೆ ಕೂತರೆ ಎಲ್ಲಮ್ಮನ ಗುಡ್ಡ ಕಾಣುತ್ತದೆ. ಇಲ್ಲಿ ಕಿಟಕಿ ತೆರೆದರೆ ಎದುರು ಬಿಲ್ಡಿಂಗಿನ ಗೋಡೆ, ಒಣಹಾಕಿದ ಬಟ್ಟೆ. ಇನ್ನು ಮಾಡುವಂಥದ್ದೇನೂ ಇಲ್ಲವೆಂದು ಡಾಕ್ಟರು ನನಗೆ ಹೇಳಿದ ವಾರವೇ ಅವ್ವ ಕೇಳಿದಳು, "ತಮ್ಮಾ, ನನ್ನ ಊರಿಗೆ ಬಿಟ್ಟು ಬಾರೋ."

ಬ್ಯಾಂಕಿನಲ್ಲಿ ಮಾರ್ಚ್ ಕ್ಲೋಸಿಂಗ್. "ಆರಾಮಾದ ಕೂಡ್ಲೆ ಹೋಗೂಣು" ಅಂದೆ. ಮರುದಿನ ಜೋಗದ ಚಿತ್ರವಿದ್ದ ಕ್ಯಾಲೆಂಡರ್ ತಂದು ಮಂಚದೆದುರು ಮೊಳೆ ಹೊಡೆದು ತೂಗುಹಾಕಿದೆ. ನಮ್ಮ ಮನೆಯವರು ಯಾರೂ ಜೋಗ ನೋಡಿದವರಲ್ಲ, ಆ ಮಾತು ಬೇರೆ.

"ಛಲೋ ಐತಿ," ಎಂದಳು ಅವ್ವ. "ಹನುಮಪ್ಪ ಗುಡ್ಡಾನ ತಂದ, ನೀ ಗುಡ್ಡದ ಪಟಾ ತಂದಿ. ಗಾಳಿ ಬರೂದಿಲ್ಲ ನೋಡು."

ಎಷ್ಟೋ ವರ್ಷಗಳ ಮೇಲೆ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಓದಿದೆ. ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನ. ಅರ್ಧ ಜನರ ಕಿಟಕಿಗೆ ಮರಗಳು, ಉಳಿದವರದಕ್ಕೆ ಇಟ್ಟಿಗೆ ಗೋಡೆ. ಮರ ಕಂಡವರು ಸುಮಾರು ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು, ಕಡು ನೋವಿನ ಔಷಧವನ್ನೂ ಕಡಿಮೆ ತೆಗೆದುಕೊಂಡರು. ಓದಿ ನನ್ನ ಮೊಳೆಗೂ ಒಂದಿಷ್ಟು ಪುಣ್ಯ ಬಂತೆಂದು ಸಮಾಧಾನಪಟ್ಟೆ. ಆದರೆ ಅವರು ಕಂಡದ್ದು ನಿಜವಾದ ಮರ. ಅವರೆಲ್ಲ ಗುಣವಾಗಿ ಮನೆಗೆ ಹೋದವರು ಕೂಡ.

ನನ್ನನ್ನು ಹೆಚ್ಚು ಕಾಡುವವನು ವ್ಯಾನ್ ಗೋ. 1889ರ ಜೂನಿನಲ್ಲಿ, ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ ಆತ ನಕ್ಷತ್ರ ತುಂಬಿದ ರಾತ್ರಿಯ ಚಿತ್ರ ಬರೆದ. ಅವನ ಕೋಣೆಯ ಕಿಟಕಿಗೆ ಕಬ್ಬಿಣದ ಸರಳುಗಳಿದ್ದವು, ಚಿತ್ರದಲ್ಲಿಲ್ಲ. ಕಿಟಕಿಯಿಂದ ಕಾಣದ ಊರೊಂದನ್ನು ತಾನೇ ಸೇರಿಸಿದ. ಆದರೆ ಎದುರಿಗೇ ಸೈಪ್ರೆಸ್ ಮರವನ್ನು ನಿಲ್ಲಿಸಿದ. ಆ ಕಡೆ ಸ್ಮಶಾನಗಳಲ್ಲಿ ಬೆಳೆಸುವ ಮರ ಅದು. ಸರಳು ತೆಗೆದವನು ಸಾವನ್ನು ತೆಗೆಯಲಿಲ್ಲ. ಅದನ್ನು ಸುಳ್ಳೆನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಮಾಡಿದ್ದು ಇದರ ತಿರುವುಮುರುವು. ಅವ್ವನ ಸರಳು ಇದ್ದಲ್ಲೇ ಇತ್ತು. ಚಿತ್ರ ಹಾಕಿದ್ದು ತಪ್ಪೇನಲ್ಲ, ಜೊತೆಗೆ 'ಆರಾಮಾದ ಕೂಡ್ಲೆ' ಎಂದೆನಲ್ಲ, ಅದು. ಆಕೆಗೆ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ. ಗೊತ್ತಿದ್ದೂ ನನಗೋಸ್ಕರ ಆ ಪಟ ನೋಡುತ್ತಿದ್ದಳೋ ಏನೋ.

ಅವ್ವ ಮಾರ್ಚ್ 27ಕ್ಕೆ ಹೋದಳು. ಸಂಸ್ಕಾರ ಇಲ್ಲೇ ಆಯಿತು. ಏಪ್ರಿಲ್ ಮೊದಲ ವಾರ ರಜೆ ಸಿಕ್ಕಿತು. ಬೂದಿ ಒಯ್ದು ಮಲಪ್ರಭೆಯಲ್ಲಿ ಬಿಟ್ಟೆ. ಗುಡ್ಡದ ಕಡೆಯಿಂದ ಜೋರು ಗಾಳಿ ಬೀಸುತ್ತಿತ್ತು.