ಕಾಯಿ ಕೊಡುವವರು, ಗಡ್ಡೆ ಕೊಡುವವರು

ನಮ್ಮ ಕಡೆ ಒಂದು ಪದ್ಧತಿಯಿದೆ. ಪಕ್ಕದ ಮನೆಯಿಂದ ಡಬ್ಬಿಯಲ್ಲಿ ಏನಾದರೂ ಬಂದರೆ ಆ ಡಬ್ಬಿಯನ್ನು ಬರಿದು ಮಾಡಿ ಹೊಳ್ಳಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿಯೇ ಕೊಡಬೇಕು. ಪಂಚಮಿಗೆ ಉಂಡಿ, ಸಂಕ್ರಾಂತಿಗೆ ಕುಸುರೆಳ್ಳು, ದಸರೆಗೆ ಬನ್ನಿ. ಬನ್ನಿಯಲ್ಲಂತೂ ಕೊಡುವುದೂ ಅದೇ ಎಲೆ, ತೆಗೆದುಕೊಳ್ಳುವುದೂ ಅದೇ ಎಲೆ. ಇದರಲ್ಲಿ ಲೆಕ್ಕವಿಲ್ಲ ಎಂದು ನಾವು ಹೇಳಿಕೊಳ್ಳುತ್ತೇವೆ. ಆದರೆ ಹೋದ ಪಂಚಮಿಗೆ ಯಾರ ಮನೆಯಿಂದ ಐದು ಉಂಡಿ ಬಂದವು, ಯಾರ ಮನೆಯಿಂದ ಮೂರು ಬಂದವು ಎಂಬುದು ಓಣಿಯ ಪ್ರತಿಯೊಬ್ಬ ಹೆಂಗಸಿಗೂ ನೆನಪಿರುತ್ತದೆ. ಫ್ರಾನ್ಸಿನ ಪಂಡಿತ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆಯ ಬಗ್ಗೆ ಒಂದು ದೊಡ್ಡ ಪ್ರಬಂಧ ಬರೆದರು. ಕೊಡುವುದು, ಒಪ್ಪಿಕೊಳ್ಳುವುದು, ತಿರುಗಿ ಕೊಡುವುದು, ಈ ಮೂರೂ ಮನುಷ್ಯನಿಗೆ ಒಂದು ಬಗೆಯ ಕಡ್ಡಾಯ ಎಂಬುದು ಅವರ ವಾದ. ಅವರು ದೂರದ ದ್ವೀಪಗಳ ಜನರ ಪದ್ಧತಿಗಳನ್ನು ಓದಿ ಅಲ್ಲಿಗೆ ತಲುಪಿದರು. ನಮ್ಮ ಬೈರಿದೇವರಕೊಪ್ಪದ ಡಬ್ಬಿಗಳನ್ನು ನೋಡಿದ್ದರೂ ಸಾಕಾಗುತ್ತಿತ್ತು.

ಡಬ್ಬಿಯ ಲೆಕ್ಕ ನನಗೆ ಗೊತ್ತು. ನನ್ನನ್ನು ಬಹಳ ದಿನ ಕಾಡಿದ್ದು ಹಿತ್ತಲಿನ ಲೆಕ್ಕ.

ಹುಬ್ಬಳ್ಳಿ ಧಾರವಾಡಗಳ ನಡುವೆ ಓಡಾಡುವವರಿಗೆ ಬೈರಿದೇವರಕೊಪ್ಪ ಎಂದರೆ ಉಣಕಲ್ಲ ದಾಟಿದ ಮೇಲೆ, ನವನಗರಕ್ಕೆ ಮುಂಚೆ, ಚಿಗರಿ ಬಸ್ಸಿನ ಒಂದು ನಿಲ್ದಾಣ. ಇಳಿದು ಒಳಗೆ ಬಂದರೆ ಹಳೆಯ ಊರಿನ ಮನೆಗಳೂ ಇವೆ, ಹೊಸ ಬಡಾವಣೆಯ ಮೂವತ್ತು ನಲವತ್ತರ ಸೈಟುಗಳೂ ಇವೆ. ಎಷ್ಟೇ ಸಣ್ಣ ಜಾಗವಿರಲಿ, ಹಿಂದೆ ಒಂದು ಕರಿಬೇವು, ಒಂದು ನುಗ್ಗಿ, ಗೋಡೆಗೆ ಆತು ಒಂದು ಹಂದರ ಇದ್ದೇ ಇರುತ್ತದೆ. ಹಂದರದ ಮೇಲೆ ಹೀರೆ, ಚಪ್ಪರದವರೆ, ತೊಂಡೆ. ಕೆಳಗೆ ಪುಂಡಿ, ರಾಜಗಿರಿ. ನಮ್ಮದು ಎರೆ ಮಣ್ಣು. ಮಳೆ ಬಂದರೆ ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ನಳದ ನೀರು ವಾರಕ್ಕೊಮ್ಮೆ ಬರುತ್ತಿದ್ದ ವರ್ಷಗಳಲ್ಲೂ ಅಕ್ಕಿ ತೊಳೆದ ನೀರು, ಪಾತ್ರೆ ಬೆಳಗಿದ ನೀರು ಹಾಕಿ ಗಿಡ ಉಳಿಸಿಕೊಂಡವರು ಇಲ್ಲಿನ ಹೆಂಗಸರು. ಉಳಿಸಿಕೊಂಡದ್ದನ್ನು ಹಂಚಿಕೊಂಡವರೂ ಅವರೇ. ಹೀರೇಕಾಯಿ ಒಂದೇ ಸಲಕ್ಕೆ ಹದಿನೈದು ಬಿಟ್ಟರೆ ಯಾರು ತಿನ್ನಬೇಕು? ಹಂಚಲೇಬೇಕು. ಇದನ್ನು ಔದಾರ್ಯ ಎಂದು ಕರೆಯಲು ನನಗೆ ಸ್ವಲ್ಪ ಸಂಕೋಚ. ಮರುದಿನ ಬಲಿತು ನಾರಾಗುವ ಕಾಯಿಯನ್ನು ಇವತ್ತು ಕೊಟ್ಟರೆ ಕೊಟ್ಟವರು ಕಳೆದುಕೊಂಡದ್ದು ಏನೂ ಇಲ್ಲ.

ಬ್ರಹ್ಮಕಮಲದ ಲೆಕ್ಕ ಇನ್ನೂ ಸುಲಭ. ಹಿಮಾಲಯದಲ್ಲಿ ಬೆಳೆಯುವ ನಿಜವಾದ ಬ್ರಹ್ಮಕಮಲ ಬೇರೆ. ನಮ್ಮ ಮನೆಗಳಲ್ಲಿರುವುದು ಮೆಕ್ಸಿಕೊ ಕಡೆಯ ಒಂದು ಕಳ್ಳಿಯ ಜಾತಿ. ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುತ್ತದೆ. ಎಲೆಯ ಒಂದು ತುಂಡು ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತದೆ. ನಮ್ಮ ಓಣಿಯಲ್ಲಿರುವ ಹತ್ತು ಹನ್ನೆರಡು ಕುಂಡಗಳಲ್ಲಿ ಒಂದನ್ನೂ ಯಾರೂ ದುಡ್ಡು ಕೊಟ್ಟು ತಂದಿಲ್ಲ. ಎಲ್ಲವೂ ಎಲೆಯಿಂದ ಎಲೆಗೆ ಬಂದವು. ಮೊಗ್ಗು ತಲೆಯೆತ್ತಿದ ಸುದ್ದಿ ಸಂಜೆಗೇ ಹಬ್ಬಿ, ಹತ್ತು ಗಂಟೆ ರಾತ್ರಿ ಮಕ್ಕಳನ್ನು ಎಬ್ಬಿಸಿಕೊಂಡು ಬಂದು ನೋಡಿ, ಅರಿಷಿಣ ಕುಂಕುಮ ತೆಗೆದುಕೊಂಡು ಹೋಗುತ್ತಾರೆ. ಎಲೆ ಕೊಟ್ಟವರ ಗಿಡ ಹಾಗೇ ಇರುತ್ತದೆ, ಇಸಿದುಕೊಂಡವರಿಗೂ ಗಿಡವಾಗುತ್ತದೆ. ಹೀಗೆ ಹಂಚಿದರೂ ಕಡಿಮೆಯಾಗದ ವಸ್ತು ಇದ್ದಾಗ ಯಾರೂ ಕೈ ಹಿಡಿಯಬಾರದು ಎಂದು ನಾನು ನಂಬಿದ್ದೆ. ಮಡಹಾಗಲದ ಪ್ರಸಂಗ ನಡೆಯುವವರೆಗೂ ನನಗೆ ಇದರಲ್ಲಿ ಚರ್ಚೆಗೆ ಏನಾದರೂ ಇದೆ ಎಂದೇ ಅನ್ನಿಸಿರಲಿಲ್ಲ.

ಮಡಹಾಗಲ ಗೊತ್ತಲ್ಲ? ಮೈಮೇಲೆ ಮೆತ್ತನೆಯ ಮುಳ್ಳಿರುವ, ಹಾಗಲದ ಬಂಧುವಾದರೂ ಕಹಿಯಿಲ್ಲದ ಕಾಯಿ. ಶ್ರಾವಣದಲ್ಲಿ ಸಂತೆಗೆ ಬಂದರೆ ಕಾಲು ಕಿಲೋ ಕೊಳ್ಳಲೂ ಯೋಚಿಸುವಂಥ ಬೆಲೆ. ಎರಡು ಓಣಿ ಆಚೆ ಇರುವ ಒಬ್ಬ ಕಾಕು ಅವರ ಹಿತ್ತಲಲ್ಲಿ ಅದರ ಬಳ್ಳಿಯಿದೆ. ಪ್ರತಿ ಶ್ರಾವಣದಲ್ಲೂ ಒಂದು ಬಟ್ಟಲು ಕಾಯಿ ನಮ್ಮ ಮನೆಗೆ ತಪ್ಪದೆ ಬರುತ್ತಿತ್ತು. ಒಂದು ವರ್ಷ ನಾನು ಗಡ್ಡೆ ಕೇಳಿದೆ. "ಒಯ್ಯಿರಲಾ ಟೀಚರ್ರ, ಅದಕ್ಕೇನು," ಎಂದು ಮಣ್ಣು ಕೆದಕಿ ಎರಡು ಗಡ್ಡೆ ಕೊಟ್ಟರು. ಮೊದಲ ಮಳೆಗೆ ಚಿಗುರು ಬಂತು. ಸಂಜೆ ಹೊತ್ತಿಗೆ ಅರಳುವ ಹಳದಿ ಹೂ, ಹೂವಿನ ಬುಡದಲ್ಲಿ ಕಡಲೆಕಾಳಿನಷ್ಟು ಮುಳ್ಳುಮುಳ್ಳಿನ ಮಿಡಿ. ನಾಲ್ಕು ದಿನಕ್ಕೆ ಮಿಡಿ ಹಳದಿಯಾಗಿ ಉದುರಿತು. ಎಲ್ಲವೂ ಉದುರಿದವು. ಮರುವರ್ಷವೂ ಹಾಗೆಯೇ, ಅದರ ಮರುವರ್ಷವೂ. ಬೇವಿನ ಹಿಂಡಿ ಹಾಕಿದೆ, ಬೂದಿ ಹಾಕಿದೆ. ಕಾಕು ಅವರನ್ನೇ ಕೇಳಿದೆ. "ಮಣ್ಣಿಗೆ ಹೊಂದಬೇಕ್ರಿ, ಟೈಮ್ ಹಿಡೀತದ," ಎಂದರು.

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮೇಳಕ್ಕೆ ನಾವು ಮಾಸ್ತರರು ಕೂಡಿ ಹೋಗುವುದುಂಟು. ಅಲ್ಲಿ ತರಕಾರಿ ಬೀಜದ ಮಳಿಗೆಯಲ್ಲಿದ್ದ ಹುಡುಗನೊಬ್ಬನಿಗೆ ಹೇಳಿಕೊಂಡೆ. ಅವನು ನಕ್ಕು, "ಗಂಡು ಬಳ್ಳಿ ಅದ ಏನ್ರಿ ಮೇಡಂ?" ಎಂದ. ಪಪ್ಪಾಯಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆಯಿರುವಂತೆ ಮಡಹಾಗಲದಲ್ಲೂ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಬೀಜ ಹಾಕಿದರೆ ಯಾವುದು ಯಾವುದೆಂದು ಹೂ ಬಿಡುವವರೆಗೂ ತಿಳಿಯದು; ಗಡ್ಡೆಯಾದರೆ ತಾಯಿ ಬಳ್ಳಿ ಯಾವುದೋ ಮರಿಯೂ ಅದೇ. ಎಂಟು ಹತ್ತು ಹೆಣ್ಣು ಬಳ್ಳಿಗೆ ಒಂದು ಗಂಡು ಸಾಕು. ಆದರೆ ಆ ಒಂದು ಬೇಕೇ ಬೇಕು. ಕತ್ತಲಾಗುವಾಗ ಬರುವ ಪತಂಗಗಳು ಕೆಲಸ ಮಾಡದಿದ್ದರೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನಾವೇ ಸೋಕಿಸಬೇಕು. ಅಷ್ಟು ಕೇಳಿದ ಮೇಲೆ ಕಾಕು ಅವರ ಹಿತ್ತಲಿನ ಮೂಲೆಯಲ್ಲಿ, ಬಚ್ಚಲ ಗೋಡೆಯ ಮೇಲೆ, ಕಾಯಿಯೇ ಬಿಡದ ಒಂದು ಬಳ್ಳಿಯನ್ನು ಕೀಳದೆ ಯಾಕೆ ಇಟ್ಟುಕೊಂಡಿದ್ದಾರೆ ಎಂಬುದು ನನಗೆ ಹೊಳೆಯಿತು.

ಅವರು ಕೊಟ್ಟ ಎರಡೂ ಗಡ್ಡೆ ಹೆಣ್ಣು. ಗೊತ್ತಿದ್ದೇ ಕೊಟ್ಟರು.

ಇದು ತಪ್ಪೇ? ನಮ್ಮ ಮನೆಯವರು, "ಕೇಳಿದ್ದು ಗಡ್ಡಿ, ಕೊಟ್ಟರು. ಶಾಸ್ತ್ರಾನೂ ಹೇಳಿ ಕೊಡ್ತೇನಿ ಅಂದಿದ್ದರೇನು?" ಎಂದರು. ಅವರ ಮಾತಿನಲ್ಲಿ ಒಂದು ನ್ಯಾಯವಿದೆ. ದಾನವನ್ನು ಹಕ್ಕಿನಂತೆ ವಸೂಲು ಮಾಡುವುದಕ್ಕೆ ಬರುವುದಿಲ್ಲ. ಆದರೆ ನಾನು ಮೂವತ್ತು ವರ್ಷ ಪಾಠ ಹೇಳಿದವಳು. ಗಣಿತದ ಉತ್ತರ ಕೊಟ್ಟು ಮಾಡುವ ಕ್ರಮ ಮುಚ್ಚಿಟ್ಟರೆ ಅದನ್ನು ಪಾಠ ಎನ್ನುವುದಿಲ್ಲ. ತರಗತಿಯಲ್ಲಿ ಎಡಗೈ ಅಡ್ಡ ಇಟ್ಟುಕೊಂಡು ಬರೆಯುವ ಮಕ್ಕಳಿರುತ್ತಾರೆ. ಅವರಿಗೆ ಬೈಯುವುದಿಲ್ಲ ನಾನು, ಪಕ್ಕದವನು ನಕಲು ಮಾಡುವ ಭಯ ಅವರದು. ನನಗೆ ಸಿಟ್ಟು ಬರುವುದು ಕೇಳಿದವನಿಗೆ ಬೇಕೆಂದೇ ಅರ್ಧ ಹೇಳಿ ಕಳಿಸುವ ಹುಡುಗನ ಮೇಲೆ. ಕೊಡುವುದಿಲ್ಲ ಎಂದವರ ಮನೆಯಿಂದ ನಾವು ಬರಿಗೈಯಲ್ಲಿ ಬರುತ್ತೇವೆ, ಬೇರೆ ಕಡೆ ಹುಡುಕುತ್ತೇವೆ. ಅರ್ಧ ಕೊಟ್ಟವರ ಮನೆಯಿಂದ ಕೃತಜ್ಞತೆ ಹೊತ್ತುಕೊಂಡು ಬಂದು, ಮೂರು ವರ್ಷ ನಮ್ಮ ಮಣ್ಣನ್ನೇ ಅನುಮಾನಿಸುತ್ತೇವೆ.

ಬೀಜ ಹಂಚುವುದನ್ನೇ ದೊಡ್ಡ ಕೆಲಸ ಮಾಡಿಕೊಂಡವರು ನಮ್ಮ ಸುತ್ತಲೇ ಇದ್ದಾರೆ. ಶಿರಸಿಯಲ್ಲಿ 'ವನಸ್ತ್ರೀ' ಎಂಬ ಹೆಣ್ಣುಮಕ್ಕಳ ಬಳಗವಿದೆ; ಮಲೆನಾಡಿನ ಹಿತ್ತಲುಗಳ ತರಕಾರಿ ಬೀಜ, ಗಡ್ಡೆಗಳನ್ನು ಕಾಪಾಡಿ ಒಬ್ಬರಿಂದೊಬ್ಬರಿಗೆ ದಾಟಿಸುವುದು ಅವರ ಉದ್ಯೋಗ. ಮಳೆಗಾಲಕ್ಕೆ ಮುಂಚೆ ನಡೆಸುವ ಅವರ ಮೇಳದಲ್ಲಿ ಗಡ್ಡೆ ಕೊಡುವ ಹೆಂಗಸು ದುಡ್ಡು ಎಣಿಸಿಕೊಳ್ಳುವ ಮುಂಚೆ ಹೇಗೆ ನೆಡಬೇಕು, ಯಾವ ಹುಳ ಬರುತ್ತದೆ, ಕೊನೆಗೆ ಹೇಗೆ ಅಡುಗೆ ಮಾಡಬೇಕು ಎಲ್ಲ ಹೇಳಿಯೇ ಕಳಿಸುತ್ತಾಳೆ. ನನಗೆ ಗಂಡು ಗಡ್ಡೆ ಸಿಕ್ಕಿದ್ದು ಅಲ್ಲಿಯೇ. ಇತ್ತ ನಮ್ಮ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘದವರು 2018ರಿಂದ ಸಿರಿಧಾನ್ಯಗಳ ಬೀಜ ಕೂಡಿಟ್ಟು ರೈತರಿಗೆ ಕೊಡುತ್ತಿದ್ದಾರೆ. 2025ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಅದೇ ಮಾತು. ಇಂಥ ಬೀಜ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಒಂದು ನಿಯಮವಿರುತ್ತದೆ: ಒಯ್ದಷ್ಟಕ್ಕಿಂತ ಹೆಚ್ಚು ಬೀಜವನ್ನು ಸುಗ್ಗಿಯ ನಂತರ ತಂದು ಕೊಡಬೇಕು. ಮೋಸ್ ಹೇಳಿದ ಕಡ್ಡಾಯವೇ ಇದು. ಆದರೆ ಇಲ್ಲಿ ತಿರುಗಿ ಕೊಟ್ಟದ್ದು ಕೊಟ್ಟವರ ಮನೆಗೆ ಹೋಗುವುದಿಲ್ಲ, ಮುಂದೆ ಕೇಳಿಕೊಂಡು ಬರುವ ಅಪರಿಚಿತನಿಗೆ ಹೋಗುತ್ತದೆ.

ಕಾನೂನೂ ಇದನ್ನು ಒಪ್ಪಿದೆ. ಸಸ್ಯ ತಳಿಗಳಿಗೂ ರೈತರ ಹಕ್ಕುಗಳಿಗೂ ಸಂಬಂಧಿಸಿದ 2001ರ ಕಾಯ್ದೆ, ಬೀಜ ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ನೋಂದಾಯಿತ ತಳಿಯ ಬೀಜವನ್ನು ಬ್ರಾಂಡ್ ಹೆಸರು ಹಾಕಿ ಮಾರುವುದಕ್ಕೆ ಮಾತ್ರ ಅಡ್ಡಿ. ಹಾಗಿದ್ದೂ 2019ರಲ್ಲಿ ಗುಜರಾತಿನ ಕೆಲವು ರೈತರು ತನ್ನ ತಳಿಯ ಬಟಾಟಿ ಬೆಳೆದರೆಂದು ಪೆಪ್ಸಿಕೋ ಕಂಪನಿ ಕೋಟಿ ರೂಪಾಯಿ ಮೀರಿದ ಪರಿಹಾರ ಕೇಳಿ ಕೋರ್ಟಿಗೆ ಹೋಗಿ, ಜನ ತಿರುಗಿ ಬಿದ್ದ ಮೇಲೆ ಮೊಕದ್ದಮೆ ಹಿಂದಕ್ಕೆ ತೆಗೆದುಕೊಂಡಿತು. ಬಟಾಟಿಯಾಗಲಿ, ನಾವು ಹೆಮ್ಮೆಪಡುವ ಬ್ಯಾಡಗಿ ಮೆಣಸಿನಕಾಯಿಯ ಮೂಲವಾಗಲಿ, 1492ರ ನಂತರ ಅಮೆರಿಕದ ಯಾವುದೋ ಹೆಂಗಸರ ಹಿತ್ತಲಿನಿಂದ ಹೊರಟು ಲೋಕ ಸುತ್ತಿ ಬಂದದ್ದು. ಅವರಿಗೆ ಯಾರೂ ಡಬ್ಬಿ ತುಂಬಿ ಕಳಿಸಲಿಲ್ಲ.

ಉಡುಪಿಯ ಮಟ್ಟು ಗುಳ್ಳದ ಕಥೆ ಸ್ವಲ್ಪ ಬೇರೆ ದಾರಿಯದು. ವಾದಿರಾಜರು ಮಟ್ಟು ಊರಿನವರಿಗೆ ಆ ಬದನೆಯ ಬೀಜ ಕೊಟ್ಟರೆಂಬುದು ನಂಬಿಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಗುರು ಕೊಟ್ಟ ಪ್ರಸಾದಕ್ಕೆ ಬೇಲಿ ಹಾಕಬಹುದೇ ಎಂದು ನನ್ನ ಸಹೋದ್ಯೋಗಿಯೊಬ್ಬರು ವಾದಿಸಿದರು. ನನಗೆ ಹಾಗೆ ಕಾಣುವುದಿಲ್ಲ. ಆ ಬೇಲಿ ಇರುವುದು ಹೆಸರಿಗೆ. ಅದೇ ಹೆಸರು ಹೇಳಿ ಬೇರೆ ಬದನೆ ಮಾರುವವನಿಂದ ಆ ಊರಿನ ಬಡ ರೈತ ಉಳಿಯಬೇಕಲ್ಲ. ಒಬ್ಬರ ಹೊಟ್ಟೆಪಾಡು ಒಂದು ಗಿಡದ ಮೇಲೆ ನಿಂತಿದ್ದರೆ ಅವರು ಕೈ ಬಿಗಿ ಮಾಡುವುದಕ್ಕೆ ಕಾರಣವಿದೆ.

ಕಾಕು ಅವರ ಹೊಟ್ಟೆಪಾಡು ಆ ಬಳ್ಳಿಯ ಮೇಲೆ ನಿಂತಿರಲಿಲ್ಲ. ಪೆನ್ಶನ್ ಬರುತ್ತದೆ, ಮಗ ಪುಣೆಯಿಂದ ದುಡ್ಡು ಕಳಿಸುತ್ತಾನೆ. ಆದರೂ ಏನೋ ಒಂದು ನಿಂತಿತ್ತು ಎಂದು ನನಗೆ ತಿಳಿದದ್ದು ನಿಧಾನವಾಗಿ. ಯಜಮಾನರು ತೀರಿಕೊಂಡ ಮೇಲೆ ಅವರ ಬಾಗಿಲಿಗೆ ಹೋಗುವವರು ಕಡಿಮೆ. ಉಡಿ ತುಂಬಲು, ಅರಿಷಿಣ ಕುಂಕುಮಕ್ಕೆ ವಿಧವೆಯನ್ನು ಕರೆಯುವ ಧೈರ್ಯ ನಮ್ಮ ಓಣಿಗಳಿಗೆ ಇನ್ನೂ ಪೂರ್ತಿ ಬಂದಿಲ್ಲ. ಡಬ್ಬಿ ಹೋಗಿ ಬರುವ ಹಬ್ಬಗಳಲ್ಲಿ ಅವರು ಒಂದು ಮೂಲೆಗೆ ಸರಿದರು. ಶ್ರಾವಣ ಬಂತೆಂದರೆ ಮಾತ್ರ, "ಕಾಕು, ಕಾಯಿ ಆಗ್ಯಾವೇನ್ರಿ?" ಎಂದು ಜನ ಕೇಳಿಕೊಂಡು ಹೋಗುತ್ತಾರೆ. ಆ ತಿಂಗಳಲ್ಲಿ ಅವರು ಬಟ್ಟಲು ಹಿಡಿದು ಮನೆಮನೆಗೆ ಬರುತ್ತಾರೆ, ಕೂಡುತ್ತಾರೆ, ಚಹಾ ಕುಡಿಯುತ್ತಾರೆ. ಗಂಡು ಬಳ್ಳಿ ಎಲ್ಲರ ಹಿತ್ತಲಿಗೂ ಬಂದರೆ ಬಟ್ಟಲಿಗೆ ಕೆಲಸವಿಲ್ಲ.

ತಿರುಗಿ ಕೊಡಲಾರದವರಿಗೆ ಕೊಟ್ಟದ್ದೇ ಉತ್ತಮ ದಾನ ಎಂದು ಗೀತೆಯ ವಿಚಾರ. ಬೀಜ ಕೊಟ್ಟವರು ಅದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ ಎಂದು ನನಗೆ ಅನ್ನಿಸುತ್ತದೆ; ನಾಳೆಯಿಂದ ತಮ್ಮ ಹತ್ತಿರ ಬರುವ ಅಗತ್ಯವೇ ಇಲ್ಲದಂತೆ ಮಾಡಿ ಕಳಿಸುತ್ತಾರೆ. ಹೆಸರಿರುವ, ಮನೆ ತುಂಬ ಜನರಿರುವ ನಾನು ಅದನ್ನು ಸಲೀಸಾಗಿ ಮಾಡಬಲ್ಲೆ. ಇರುವ ಒಂದೇ ಕಾರಣವನ್ನು ಬಿಟ್ಟುಕೊಡಿ ಎಂದು ಎಪ್ಪತ್ತು ದಾಟಿದ ಒಂಟಿ ಹೆಂಗಸಿಗೆ ನಾನು ಯಾವ ಬಾಯಿಂದ ಹೇಳಲಿ? ಅವರು ಅರ್ಧ ಕೊಟ್ಟದ್ದು ಸರಿ ಎಂದು ನಾನು ಈಗಲೂ ಹೇಳಲಾರೆ. ಮಣ್ಣಿಗೆ ಹೊಂದಬೇಕು ಎಂದದ್ದಂತೂ ಸುಳ್ಳೇ. ಆದರೆ ಆ ಸುಳ್ಳಿನಲ್ಲಿ ಓಣಿಯವರಾದ ನಮ್ಮೆಲ್ಲರ ಪಾಲೂ ಇದೆ.

ಈಗ ನಮ್ಮ ಹಂದರದಲ್ಲೂ ಮಡಹಾಗಲ ತೂಗುತ್ತದೆ. ಕಾಕು ಮೊದಲ ಸಲ ಅದನ್ನು ನೋಡಿದಾಗ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. "ಗಂಡು ಎಲ್ಲಿಂದ ತಂದ್ರಿ?" ಎಂದರು. ಶಿರಸಿಯಿಂದ ಎಂದೆ. ಮತ್ತೆ ಆ ಮಾತು ನಮ್ಮಿಬ್ಬರ ನಡುವೆ ಬಂದಿಲ್ಲ. ಬಟ್ಟಲು ಬರುವುದು ನಿಂತಿಲ್ಲ; ನಮ್ಮ ಕಾಯಿ ಬೇರೆಯವರಿಗೆ ಕೊಟ್ಟು ಅವರ ಕಾಯಿಯನ್ನೇ ಮನೆಯಲ್ಲಿ ಹುರಿಯುತ್ತೇನೆ. ಪಂಚಮಿಗೆ ಮೊದಲ ಉಂಡಿ ಅವರ ಮನೆಗೆ ಹೋಗುತ್ತದೆ. ಗಡ್ಡೆ ಕೇಳಿ ಬಂದವರಿಗೆ ಗಂಡು ಗಡ್ಡೆಗೆ ಕೆಂಪು ದಾರ ಕಟ್ಟಿ ಜೋಡಿಯಾಗಿ ಕೊಡುತ್ತೇನೆ. ಹಾಗೆ ಕೊಟ್ಟದ್ದು ಆರೇಳು ಮನೆಯಾಯಿತು. "ಎಲ್ಲಾರ ಮನ್ಯಾಗೂ ಆದರ ನೀವು ಯಾರಿಗೆ ಕೊಡತೀರಿ ಟೀಚರ್ರ?" ಎಂದು ಪಕ್ಕದ ಮನೆಯ ಸೊಸೆ ನಗುತ್ತಾಳೆ.

ಈ ವರ್ಷ ನಾಲ್ಕು ಅಂಚಿಗೂ ರೆಕ್ಕೆಯಿರುವ ಒಂದು ಅವರೆಯ ಬೀಜ ತಂದು ಹಾಕಿದ್ದೇನೆ. ಅದರ ಕಾಯಿ, ಎಲೆ, ಹೂ, ಬುಡದ ಗಡ್ಡೆ ಎಲ್ಲವನ್ನೂ ತಿನ್ನಬಹುದು. ಹಗಲು ಗಿಡ್ಡವಾಗುವವರೆಗೂ ಹೂ ಬಿಡುವುದಿಲ್ಲ ಎಂದು ಬೀಜ ಕೊಟ್ಟವರು ಎರಡೆರಡು ಸಲ ಹೇಳಿ ಕಳಿಸಿದ್ದಾರೆ. ಬಳ್ಳಿ ಟೆರೇಸ್ ಮುಟ್ಟಿದೆ. ದಸರೆಯವರೆಗೆ ಕಾಯಬೇಕು.