ಹೊರಗಿನವರ ಮಾತು

ಉಡುಪಿ ಕರಾವಳಿಗೂ ಗ್ರೀಕರಿಗೂ ಇದ್ದ ನಂಟನ್ನು ನಾವು ಅಭಿಮಾನದಿಂದಲೇ ಹೇಳಿಕೊಳ್ಳುತ್ತೇವೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವಿತ್ತು. 1903ರಲ್ಲಿ ಅದು ಅಚ್ಚಾಯಿತು. ಅದರ ಭಾರತೀಯ ಪಾತ್ರಗಳು ಆಡುವುದು ಕನ್ನಡವಿರಬೇಕೆಂದು ಮರುವರ್ಷವೇ ಜರ್ಮನ್ ವಿದ್ವಾಂಸ ಹುಲ್ಟ್ಜ್ ಹೇಳಿದರು. ಆರ್. ಶಾಮಶಾಸ್ತ್ರಿ, ಮಂಜೇಶ್ವರ ಗೋವಿಂದ ಪೈಗಳಂಥವರು ಅದನ್ನು ಚರ್ಚಿಸಿದರು. ಅದು ತುಳು ಎಂದವರುಂಟು. ಯಾವ ಭಾಷೆಯೂ ಅಲ್ಲ, ಬರಿಯ ಸದ್ದು ಎಂದವರೂ ಉಂಟು.

ಆ ವಾದ ವಿದ್ವಾಂಸರಿಗಿರಲಿ. ನಾವು ಕೇಳಬೇಕಾದ್ದು ಬೇರೆ: ಆ ಪ್ರಹಸನದಲ್ಲಿ ನಮ್ಮ ಸ್ಥಾನವೇನು? ಭಾರತದ ತೀರದಲ್ಲಿ ಸೆರೆಯಾದ ಕ್ಯಾರಿಷನ್ ಎಂಬ ಗ್ರೀಕ್ ಹೆಣ್ಣನ್ನು ಬಿಡಿಸಲು ಆಕೆಯ ಅಣ್ಣ ಹಡಗಿನಲ್ಲಿ ಬರುತ್ತಾನೆ. ಇಲ್ಲಿನ ರಾಜನಿಗೂ ಪರಿವಾರಕ್ಕೂ ಮದ್ಯ ಕುಡಿಸಿ, ಅವರು ಅಮಲಿನಲ್ಲಿರುವಾಗ ಪಾರಾಗುತ್ತಾರೆ. ನೋಡುವವರನ್ನು ನಗಿಸಲೆಂದೇ ನಮ್ಮವರ ಬಾಯಲ್ಲಿ ಆ ಅರ್ಥವಾಗದ ಮಾತು. ಎಂದರೆ ಅಲ್ಲಿ ನಾವೇ ಪರಕೀಯರು. (ಪುರಾತನವಾದ ಅವಮಾನಕ್ಕೆ ಯಾರೂ ಪ್ರತಿಭಟಿಸುವುದಿಲ್ಲ, ಅದು ಸಂಶೋಧನೆಯಾಗಿಬಿಡುತ್ತದೆ!)

ಗ್ರೀಕರಿಗೂ ಈ ಪಾಡು ತಪ್ಪಲಿಲ್ಲ. 1905ರ ಸುಮಾರಿಗೆ ಕಲಿಮ್ನೋಸ್, ಸಿಮಿ ಮುಂತಾದ ದ್ವೀಪಗಳ ಮುಳುಗುಗಾರರು ಅಮೆರಿಕದ ಫ್ಲೋರಿಡಾದ ಟಾರ್ಪನ್ ಸ್ಪ್ರಿಂಗ್ಸ್ ಎಂಬ ಪುಟ್ಟ ಕರಾವಳಿ ಪಟ್ಟಣಕ್ಕೆ ಸಮುದ್ರದ ಸ್ಪಂಜು ತೆಗೆಯಲು ಹೋದರು. ಊರಿನ ಉದ್ಯಮವನ್ನು ಕಟ್ಟಿದವರು ಅವರು. ಆದರೆ ಅದೇ ದೇಶದ ದಕ್ಷಿಣ ಒಮಾಹಾದಲ್ಲಿ 1909ರಲ್ಲಿ ಜನಜಂಗುಳಿ ಗ್ರೀಕರ ಕೇರಿಗೆ ನುಗ್ಗಿ ಅವರನ್ನು ಓಡಿಸಿತು. 1940ರ ದಶಕದ ಕೊನೆಗೆ ಟಾರ್ಪನ್ನಿನ ಸ್ಪಂಜು ರೋಗದಿಂದ ನಾಶವಾಯಿತು. ಇಂದು ಪ್ರವಾಸಿಗರು ಆ ಊರಿಗೆ ಹೋಗುವುದೇ ಗ್ರೀಕ್ ಪರಂಪರೆಯನ್ನು ನೋಡಲು.

ಬೆವರು ಎಷ್ಟು ಹಳೆಯದಾದರೆ ಪರಂಪರೆಯಾಗುತ್ತದೆ? ನಮ್ಮಲ್ಲೇ ಒಂದು ಉದಾಹರಣೆಯಿದೆ. ಅಂಬಲಪಾಡಿಯಿಂದ ಮಲ್ಪೆಯವರೆಗೆ ಹಳೆಯ ಮನೆಗಳ ಮಾಡಿನ ಮೇಲಿರುವ ಹೆಂಚನ್ನು ನಾವು 'ಮಂಗಳೂರು ಹೆಂಚು' ಎನ್ನುತ್ತೇವೆ. 1865ರಲ್ಲಿ ಜೆಪ್ಪುವಿನಲ್ಲಿ ಅದನ್ನು ಆರಂಭಿಸಿದವರು ಬಾಸೆಲ್ ಮಿಷನ್ನಿನ ಜರ್ಮನ್ ಜಾರ್ಜ್ ಪ್ಲೆಬ್ಸ್ಟ್. ಮಲ್ಪೆಯಲ್ಲೂ ಮಿಷನ್ ಹೆಂಚಿನ ಕಾರ್ಖಾನೆ ನಡೆಸಿತು. ಮತಾಂತರದಿಂದ ಕುಲಕಸುಬನ್ನೂ ಮನೆಯ ಆಸರೆಯನ್ನೂ ಕಳೆದುಕೊಂಡವರಿಗೆ ಕೂಲಿ ಕೊಡುವುದು ಈ ಕಾರ್ಖಾನೆಗಳ ಒಂದು ಉದ್ದೇಶವಾಗಿತ್ತು. ಊರು ಹೊರಗಿಟ್ಟವರು ಸುಟ್ಟ ಹೆಂಚಿನ ಕೆಳಗೆ ಊರೇ ಮಲಗಿತು. ಮೊದಲ ಮಹಾಯುದ್ಧದಲ್ಲಿ ಜರ್ಮನರನ್ನು ಶತ್ರುಗಳೆಂದು ಬಂಧಿಸಲಾಯಿತು. ಅವರು ಹೋದರು, ಹೆಂಚು ಉಳಿಯಿತು, ನಮ್ಮ ಹೆಸರು ಹೊತ್ತು. ವಸ್ತುವನ್ನು ನಮ್ಮದೆನ್ನಲು ನಮಗೆ ಕಷ್ಟವಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ದಾಖಲೆ, ಭಾಷೆ, ಧರ್ಮ ಎಲ್ಲವನ್ನೂ ಕೇಳುತ್ತೇವೆ.

ಇಂದು ಮಲ್ಪೆ ಬಂದರಿನಲ್ಲಿ ಬಲೆ ಎಳೆಯುವವರಲ್ಲಿ, ಮೀನು ಹೊರುವವರಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರಗಳಿಂದ, ನಮ್ಮ ಬಯಲುಸೀಮೆಯಿಂದ ಬಂದವರಿದ್ದಾರೆ. ಅವರ ಮಾತು ನಮಗೆ ಆ ಪ್ರಹಸನದ ಸದ್ದಿನಂತೆಯೇ ಕೇಳುತ್ತದೆ. ಅವರನ್ನು ಅಣಕಿಸಿ ನಗುವವರೂ ಇದ್ದಾರೆ. 2025ರ ಮಾರ್ಚ್‌ನಲ್ಲಿ ಇದೇ ಬಂದರಿನಲ್ಲಿ ಮೀನು ಕದ್ದ ಆರೋಪದ ಮೇಲೆ, ನಮ್ಮದೇ ರಾಜ್ಯದ ಇನ್ನೊಂದು ಜಿಲ್ಲೆಯಿಂದ ದುಡಿಯಲು ಬಂದ ಮಹಿಳೆಯನ್ನು ಮರಕ್ಕೆ ಕಟ್ಟಿ ಹೊಡೆದರು. ಸುತ್ತ ಜನ ನಿಂತು ನೋಡಿದರು. ವಿಡಿಯೋ ಹರಿದಾಡಿದ ಮೇಲೆ ಬಂಧನಗಳಾದವು. ಕೆಲವರು ಬಂಧಿತರ ಪರವಾಗಿ ಪ್ರತಿಭಟನೆಗೂ ಇಳಿದರು. ಕಳ್ಳತನವಾಗಿದ್ದರೆ ಪೊಲೀಸರಿಗೆ ದೂರು ಕೊಡಬಹುದಿತ್ತು. ಪಕ್ಕದ ಮನೆಯ ಹೆಣ್ಣುಮಗಳಾಗಿದ್ದರೆ ಆ ಹಗ್ಗ ಅಷ್ಟು ಸುಲಭವಾಗಿ ಕೈಗೆ ಬರುತ್ತಿತ್ತೇ?

ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ. ಹೊರಗಿನಿಂದ ಬಂದ ಅನೇಕರು ಆಗ ಊರಿಗೆ ಹೋಗುತ್ತಾರೆ. ಆಗಸ್ಟ್‌ನಲ್ಲಿ ಅವರು ಮರಳುವುದು ತಡವಾದರೆ ಆ ದೋಣಿಗಳು ಕಡಲಿಗಿಳಿಯುವುದೂ ತಡವಾಗುತ್ತದೆ.