ರಕ್ಷಕರ ಸಹಿ

2016ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ವಿಶ್ವ ಜೂನಿಯರ್ ಟೇಬಲ್ ಟೆನಿಸ್ ಚಾಂಪಿಯನ್‌ಷಿಪ್ ಮುಗಿದಾಗ ಹುಡುಗರ ಸಿಂಗಲ್ಸ್ ಗೆದ್ದವನಿಗೆ ಬರೇ 13 ವರ್ಷ. ಅದಕ್ಕಿಂತ ಚಿಕ್ಕವರು ಯಾರೂ ಆ ಪ್ರಶಸ್ತಿಯನ್ನು ಗೆದ್ದಿರಲಿಲ್ಲ. ಹೆಸರು ತೊಮೊಕಾಝು ಹರಿಮೊತೊ. ಅಂಕ ಸಿಕ್ಕಿದಾಗಲೆಲ್ಲ ಗಂಟಲು ಹರಿಯುವಂತೆ ಕೂಗುವ ಹುಡುಗ, ಆಡಿದ್ದು ಜಪಾನಿಗಾಗಿ.

ಅವನ ತಂದೆತಾಯಿ ಚೀನಾದವರು, ಇಬ್ಬರೂ ಇದೇ ಆಟದವರು. ತಾಯಿಯಂತೂ 1995ರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಚೀನಾದ ಪರವಾಗಿ ಆಡಿದವರು. ಅವರು ಜಪಾನಿನ ಸೆಂಡಾಯಿ ನಗರಕ್ಕೆ ಬಂದು ನೆಲೆಸಿದ ಮೇಲೆ, 2003ರಲ್ಲಿ, ಹುಡುಗ ಅಲ್ಲೇ ಹುಟ್ಟಿದ. ಹತ್ತು ವರ್ಷದವನಿದ್ದಾಗ, 2014ರಲ್ಲಿ, ಅವನಿಗೆ ಜಪಾನಿನ ಪೌರತ್ವವಾಯಿತು. ಚೀನೀ ಮನೆತನದ ಹೆಸರಾದ 'ಜಾಂಗ್' ಎಂಬ ಅಕ್ಷರದ ಪಕ್ಕಕ್ಕೆ ಇನ್ನೊಂದು ಅಕ್ಷರ ಬಂದು ಅದು 'ಹರಿಮೊತೊ' ಆಯಿತು. ಸೇರಿಸಿದ ಆ ಅಕ್ಷರಕ್ಕೆ ಮೂಲ, ಬೇರು ಎಂಬ ಅರ್ಥವಿದೆ. ಹಳೆಯದನ್ನು ಯಾರೂ ಅಳಿಸಲಿಲ್ಲ, ಓದುವ ಕ್ರಮ ಮಾತ್ರ ಬದಲಾಯಿತು. ಮಂಜೇಶ್ವರವನ್ನು ಬೋರ್ಡುಗಳಲ್ಲಿ ಮಂಜೇಶ್ವರಂ ಎಂದು ಓದುತ್ತ ಬೆಳೆದ ನಮಗೆ ಇದೇನೂ ವಿಚಿತ್ರವೆನಿಸದು.

ಮುಂದೆ ಅವನು ಚೀನಾದ ಅತಿರಥರನ್ನೇ ಸೋಲಿಸತೊಡಗಿದಾಗ ಅಲ್ಲಿನ ಅಭಿಮಾನಿಗಳಲ್ಲಿ ಹಲವರು ಅವನನ್ನು ದ್ರೋಹಿ ಎಂದರು. ನನ್ನ ಪ್ರಶ್ನೆ ಹುಟ್ಟಿದ್ದು ಇಲ್ಲಿ. ಹತ್ತು ವರ್ಷದ ಮಗುವಿನ ಪರವಾಗಿ ಹಿರಿಯರು ಮಾಡಿದ ಆಯ್ಕೆಯನ್ನು ಆ ಮಗುವಿನ ಖಾತೆಗೆ ಖರ್ಚು ಬರೆಯಬಹುದೇ?

ಇದೇ ಆಟದಲ್ಲಿ ಬೇರೆ ಥರದ ಉದಾಹರಣೆಯೂ ಉಂಟು. ಚೀನಾದ ಹೆ ಝೀಲಿ 1987ರಲ್ಲಿ ದೆಹಲಿಯ ವಿಶ್ವ ಚಾಂಪಿಯನ್‌ಷಿಪ್ಪಿನ ಸೆಮಿಫೈನಲಿನಲ್ಲಿ ತನ್ನದೇ ತಂಡದವಳಿಗೆ ಸೋತುಕೊಡಬೇಕೆಂಬ ಆದೇಶವನ್ನು ಮೀರಿ ಗೆದ್ದರು, ಚಾಂಪಿಯನ್ನೂ ಆದರು. ಮರುವರ್ಷ ಸೋಲ್ ಒಲಿಂಪಿಕ್ಸ್ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಆಮೇಲೆ ಜಪಾನಿನ ಸೊಸೆಯಾಗಿ, ಕೊಯಾಮಾ ಎಂಬ ಹೆಸರಿನಲ್ಲಿ, 1994ರ ಹಿರೋಶಿಮಾ ಏಷ್ಯನ್ ಗೇಮ್ಸಿನಲ್ಲಿ ಚೀನಾದ ಡೆಂಗ್ ಯಾಪಿಂಗರನ್ನೇ ಸೋಲಿಸಿದರು. ಅವರನ್ನು ಮೆಚ್ಚಬಹುದು, ಬೈಯಲೂಬಹುದು. ಏಕೆಂದರೆ ಅದು ತಿಳಿದು ಮಾಡಿದ್ದು, ಅವರದೇ ಸಹಿ.

ಬ್ಯಾಂಕಿನಲ್ಲಿ ನಾವು ದಿನವೂ ನೋಡುವ ಮೈನರ್ ಖಾತೆಯ ವಿಷಯ ಹೇಳುತ್ತೇನೆ. ಖಾತೆ ಮಗುವಿನದು, ಸಹಿ ರಕ್ಷಕರದು. ಹಣ ತೆಗೆಯುವಾಗ ಅದು ಮಗುವಿನ ಹಿತಕ್ಕಾಗಿ ಎಂದು ರಕ್ಷಕರು ಬರೆದುಕೊಡುತ್ತಾರೆ. ಹದಿನೆಂಟು ತುಂಬಿದ ಮೇಲೆ ಆ ಸಹಿ ನಡೆಯುವುದಿಲ್ಲ. ಮಗನ ಅಥವಾ ಮಗಳ ಹೊಸ ಸಹಿ ಪಡೆದುಕೊಳ್ಳುತ್ತೇವೆ. ಹೊಸ ಸಹಿ ಹಾಕುವ ಮಕ್ಕಳ ಖುಷಿ ನೋಡಬೇಕು! ಆದರೆ ಅಷ್ಟರಲ್ಲಿ ಹಿರಿಯರು ಖಾತೆಯನ್ನು ಪೂರ್ತಿ ಬರಿದು ಮಾಡಿದ್ದರೆ ಆ ಸಹಿಯಿಂದ ಏನು ಬಂತು?

ಹರಿಮೊತೊನ ತಂದೆತಾಯಿ ಖಾತೆಯನ್ನು ಬರಿದು ಮಾಡಲಿಲ್ಲ. ಅವನು ಚೀನೀ ಭಾಷೆಯನ್ನು ಇವತ್ತಿಗೂ ಸಲೀಸಾಗಿ ಮಾತಾಡುತ್ತಾನೆ. ಅವನಿಗೆ ಹದಿನೆಂಟು ತುಂಬಿದ್ದು 2021ರ ಜೂನಿನಲ್ಲಿ. ಮರುತಿಂಗಳು ಶುರುವಾದ ಟೋಕಿಯೋ ಒಲಿಂಪಿಕ್ಸಿನಲ್ಲಿ ಜಪಾನ್ ತಂಡದಲ್ಲಿದ್ದು ಕಂಚು ಗೆದ್ದ. ಅದನ್ನು ಅವನದೇ ಸಹಿ ಎನ್ನೋಣ.

ನಮ್ಮ ಊರುಗಳಲ್ಲಿ ಈ ಪ್ರಶ್ನೆ ಶಾಲೆಯ ರೂಪದಲ್ಲಿ ಬರುತ್ತದೆ. ಮಕ್ಕಳನ್ನು ಮಲಯಾಳಕ್ಕೋ ಇಂಗ್ಲಿಷಿಗೋ ಸೇರಿಸಿದವರನ್ನು "ಭಾಷೆ ಮಾರಿದವರು" ಎಂದು ಮದುವೆಮನೆಯ ಪಂಕ್ತಿಯಲ್ಲೇ ಹೇಳುವ ಹಿರಿಯರಿದ್ದಾರೆ. ಅವರ ಸಂಕಟ ಸುಳ್ಳಲ್ಲ. ಮಕ್ಕಳ ತಲೆ ಎಣಿಕೆ ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಡಿವಿಷನ್ ಹೋದರೆ ಕನ್ನಡ ಅಧ್ಯಾಪಕರ ಹುದ್ದೆ ಹೋಗುತ್ತದೆ. ಹಾಗೆಂದು ಒಂದು ಮಗುವನ್ನು ಡಿವಿಷನ್ ಉಳಿಸುವ ತಲೆಯಾಗಿ ಮಾತ್ರ ಎಣಿಸುವುದು ನನಗೆ ಒಪ್ಪಿಗೆಯಿಲ್ಲ. ಸಂವಿಧಾನದ 350ಎ ವಿಧಿ, ಅದೂ 1956ರಲ್ಲೇ ಬಂದದ್ದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಸೌಕರ್ಯ ಒದಗಿಸಬೇಕೆನ್ನುತ್ತದೆ. ಭಾರ ಹೊರಬೇಕಾದದ್ದು ಸರಕಾರ, ಮಗುವಲ್ಲ.

ಯಾವ ಶಾಲೆ ಎಂಬುದಕ್ಕಿಂತ ಖಾತೆಯಲ್ಲಿ ಏನು ಉಳಿಸಿದಿರಿ ಎಂದು ತಂದೆತಾಯಿಯರನ್ನು ಕೇಳಬೇಕು. ಮನೆಯಲ್ಲಿ ಕನ್ನಡ ಮಾತಾಡಿಯೂ ಅಕ್ಷರ ಕಲಿಸದೆ ಬಿಟ್ಟರೆ, ಆ ಮಗು ದೊಡ್ಡದಾಗಿ ಈ ವಾರ್ಷಿಕವನ್ನು ಕೈಯಲ್ಲಿ ಹಿಡಿದಾಗ ಅರ್ಧ ಪುಟಗಳು ಅದರ ಪಾಲಿಗೆ ಕಪ್ಪು ಗೆರೆಗಳು. ಮಲಯಾಳ ಕಲಿಯಗೊಡದೆ ಬೆಳೆಸಿದರೆ ಉಳಿದರ್ಧ ಹಾಗೆ. ಎರಡೂ ಒಂದೇ ಬಗೆಯ ದುಂದು.

ನಮ್ಮ ಮಗಳು ಏಳನೆಯವರೆಗೆ ಕನ್ನಡದಲ್ಲಿ ಓದಿದಳು. ಎಂಟಕ್ಕೆ ಅವಳನ್ನೇ ಕೇಳಿದೆವು. ಕನ್ನಡವನ್ನು ಒಂದು ಭಾಷೆಯಾಗಿ ಇಟ್ಟುಕೊಂಡು ಉಳಿದದ್ದನ್ನು ಇಂಗ್ಲಿಷಿನಲ್ಲಿ ಓದುತ್ತೇನೆ ಎಂದಳು, ಹಾಗೆಯೇ ಆಯಿತು. ನನ್ನ ಅಪ್ಪನಿಗೆ ಇದು ಸಮಾಧಾನವಿಲ್ಲ. "ಅವಳಿಗೆ ಎಂತ ಗೊತ್ತಾಗ್ತದೆ ಅಂತ ಕೇಳಿದ್ದು ಮಾರಾಯ?" ಎಂದು ಈಗಲೂ ಗೊಣಗುತ್ತಾರೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅಪ್ಪ ಒಂದನೇ ಕ್ಲಾಸಿನಲ್ಲಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ.